ಗೇಟು ದಾಟದ ಗಾಜು

ಜನವರಿ ೬

ಅಪ್ಪನಿಗೆ,

ಹೊಸ ವರ್ಷಕ್ಕೆ ನನ್ನ ಕುರ್ಚಿ ಬದಲಾಗಿದೆ. ಅದೇ ಹಣಕಾಸು ಇಲಾಖೆ, ಅದೇ ಕಟ್ಟಡ, ಆದರೆ ಮೂರನೇ ಮಹಡಿಯಿಂದ ಐದನೆಯದಕ್ಕೆ ಏರಿದ್ದೇನೆ. ಲಿಫ್ಟ್ ಮಾತ್ರ ನಾಲ್ಕಕ್ಕೇ ನಿಲ್ಲುತ್ತದೆ, ಹಾಗಾಗಿ ನನ್ನ ಬಡ್ತಿ ಮೊದಲು ಗೊತ್ತಾಗಿದ್ದು ಮೊಣಕಾಲಿಗೆ.

"ನಿನ್ನ ಮಗಳು ಅಲ್ಲಿ ಏನ್ ಮಾಡ್ತಾಳೆ ಅಂತ ಕಾರ್ಖಾನೇಲಿ ಕೇಳ್ತಾರೆ, ನಾನೇನ್ ಹೇಳ್ಲಿ?" ಎಂದು ಕಳೆದ ಸಲ ಬಂದಾಗ ಕೇಳಿದ್ದೆಯಲ್ಲ, ಈಗ ಹೇಳಬಹುದಾದಂಥ ಉತ್ತರವಿದೆ. ದೇಶದ ಕೈಗಳೂ ಯಂತ್ರಗಳೂ ಹದವಾಗಿ ದುಡಿದರೆ ವರ್ಷಕ್ಕೆ ಎಷ್ಟು ಸರಕು ಹೊರಬರಬಹುದು ಎಂಬುದು ಒಂದು ಅಂದಾಜು. ನಿಜಕ್ಕೂ ಎಷ್ಟು ಬರುತ್ತಿದೆ ಎಂಬುದು ಇನ್ನೊಂದು. ಇವೆರಡರ ನಡುವಿನ ಅಂತರ ಎಷ್ಟೆಂದು ಹೇಳುವುದು ನನ್ನ ಕೆಲಸ. ಅಂತರ ದೊಡ್ಡದಿದ್ದರೆ ಕೊಳ್ಳುವವರಿಲ್ಲ, ಕೆಲಸ ಬಲ್ಲವರು ಕೈಕಟ್ಟಿ ಕೂತಿದ್ದಾರೆ ಎಂದರ್ಥ. ಆಗ ಸರ್ಕಾರ ತಾನೇ ಖರ್ಚಿಗೆ ಇಳಿಯಬೇಕು, ಇಲ್ಲವೇ ತೆರಿಗೆ ಇಳಿಸಿ ಜನರ ಕೈಯಲ್ಲಿ ನಾಲ್ಕು ಕಾಸು ಉಳಿಸಬೇಕು. ಅಂತರವೇ ಇಲ್ಲದಾಗ ಹಾಗೆ ಮಾಡಿದರೆ ಸರಕು ಹೆಚ್ಚುವುದಿಲ್ಲ, ಬೆಲೆ ಮಾತ್ರ ಹೆಚ್ಚುತ್ತದೆ.

ಮಾರ್ಚಿನಲ್ಲಿ ಸಮಿತಿ ಸೇರುತ್ತದೆ. ನನ್ನ ಲೆಕ್ಕದ ಪಟ್ಟಿ ನೋಡಿ ಅವರು ತೀರ್ಮಾನಿಸುತ್ತಾರೆ. ಆರುನೂರು ಹೊಸ ಸರ್ಕಾರಿ ಆಸ್ಪತ್ರೆಗಳ ಯೋಜನೆಯೂ ಅದರ ಮೇಲೇ ನಿಂತಿದೆ. ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಬೆನ್ನ ಹಿಂದೆ 'ಅರ್ಧ ಪರ್ಸೆಂಟ್ ಸಾಹೇಬರು' ಎನ್ನುತ್ತಾರೆ. ಯಾರು ಎಷ್ಟೇ ಹೇಳಲಿ, "ಅರ್ಧ ಪರ್ಸೆಂಟ್ ಇರಬಹುದು, ಅಷ್ಟೇ" ಎಂದು ತಲೆಯಾಡಿಸುವುದು ಅವರ ಚಾಳಿ. ಬೆಲೆ ಏರೀತೆಂಬ ಭಯ ಅವರನ್ನು ಹಾಸಿಗೆಯಲ್ಲೂ ಬಿಡುವುದಿಲ್ಲವಂತೆ.

ಗಾಜಿನ ಕುಲುಮೆ ಹೇಗಿದೆ? ಅಮ್ಮ ಹೇಗಿದ್ದಾಳೆ? ಈ ಕ್ರಮದಲ್ಲೇ ಕೇಳಿದೆನೆಂದು ಅವಳಿಗೆ ಹೇಳಬೇಡ.

ನಿನ್ನ ಲೆಕ್ಕದಮ್ಮ


ಜನವರಿ ೧೯

ಲೆಕ್ಕದಮ್ಮನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿ ನಗು ಬಂತು. ನೀನು ಹೇಳಿದ್ದು ನನ್ನ ಕೆಲಸವೇ ಅಲ್ಲವೇ? ಕಾವು ಇಳಿದರೆ ಇಂಧನ ಬಿಡಬೇಕು, ಏರಿದರೆ ತಡೆಯಬೇಕು. ನಾನು ಮೂವತ್ನಾಲ್ಕು ವರ್ಷದಿಂದ ಅಷ್ಟನ್ನೇ ಮಾಡುತ್ತಿದ್ದೇನೆ, ಯಾವ ಸಮಿತಿಯೂ ಸೇರಿಲ್ಲ. ಒಂದು ಮಾತು ನೆನಪಿಟ್ಟುಕೋ. ಕಾವು ಇಳಿದಿದೆಯೆಂದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಕುಲುಮೆ ಚೆನ್ನಾಗಿದೆ. ಹನ್ನೊಂದು ವರ್ಷವಾಯಿತು ಹೊತ್ತಿಸಿ, ಒಂದು ಗಳಿಗೆ ಆರಿಲ್ಲ. ಆರಿದರೆ ಒಳಗಿನ ಗಾಜು ಕಲ್ಲಾಗಿ ಇಟ್ಟಿಗೆಯನ್ನೆಲ್ಲ ಸೀಳಿಬಿಡುತ್ತದೆ ಎಂದು ನಿನಗೆ ಗೊತ್ತೇ ಇದೆ. ಔಷಧಿ ಬಾಟಲಿಗೆ ಬೇಡಿಕೆ ಸ್ವಲ್ಪ ಮಂದ. ಗುಮಾಸ್ತನನ್ನು ಯಜಮಾನರು ನವೆಂಬರಿನಲ್ಲೇ ಮನೆಗೆ ಕಳಿಸಿದರು, ಹಾಗಾಗಿ ಕಾಗದಪತ್ರದ ಕೆಲಸವೂ ನನ್ನ ತಲೆಗೇ ಬಂದಿದೆ. ಮೊನ್ನೆಯೂ ಸರ್ಕಾರದ ತಿಂಗಳ ಫಾರಂ ಬಂದಿತ್ತು. ಹೋದ ತಿಂಗಳು ಕುಲುಮೆಯಿಂದ ಎಷ್ಟು ಟನ್ ತೆಗೆದಿರಿ ಎಂದು ಕೇಳಿದ್ದರು. ಎಂದಿನಷ್ಟೇ ಎಂದು ಬರೆದು ಕಳಿಸಿದೆ. ಕುಲುಮೆ ಉರಿಯುತ್ತಿರುವಾಗ ನನ್ನ ನಲವತ್ತೊಂದು ಜನ ಸುಮ್ಮನೆ ಕೂತಿದ್ದಾರೆ ಎಂಬ ಮಾತು ನನ್ನ ಕೈಬರಹದಲ್ಲಿ ಬರುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನನ್ನ ಅಂಗೈಯ ಗೀರುಗಳಿಗೆ ಎಣ್ಣೆ ಹಚ್ಚಿ ಹಚ್ಚಿ ಬೈಯುತ್ತಾಳೆ.

ಅಪ್ಪ


ಮಾರ್ಚ್ ೧೨

ಅಪ್ಪನಿಗೆ,

ಬರೆಯಲು ತಡವಾಯಿತು, ಬೈಯಬೇಡ. ಎರಡು ತಿಂಗಳು ಬರೀ ಅಂಕಿಗಳ ನಡುವೆ ಮುಳುಗಿದ್ದೆ.

ನನ್ನ ಹೆಸರಿನಲ್ಲಿ ಮೊದಲ ಪಟ್ಟಿ ಸಮಿತಿಯ ಮುಂದೆ ಹೋಯಿತು. ಅಂತರ ಎರಡು ಪರ್ಸೆಂಟಿನ ಮೇಲಿರುತ್ತದೆ ಎಂದೇ ಎಣಿಸಿದ್ದೆ. ಬಸ್ಸಿನಲ್ಲಿ ಬರುವಾಗ ಮುಚ್ಚಿದ ಅಂಗಡಿಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಆದರೆ ಕಾರ್ಖಾನೆಗಳಿಂದ ಬಂದ ಫಾರಂಗಳು ಬೇರೆಯೇ ಹೇಳಿದವು. ಗಾಜು, ಹೆಂಚು, ಎರಕದ ಕಬ್ಬಿಣ, ಬೆಂಕಿಯ ಕೆಲಸ ಮಾಡುವವರೆಲ್ಲ ಎಂದಿನಷ್ಟೇ ತೆಗೆಯುತ್ತಿದ್ದಾರೆ. ಕೂಡಿಸಿ ಕಳೆದು ನೋಡಿದರೆ ಅಂತರ ಎಷ್ಟು ಬಂತು ಗೊತ್ತೇ? ಅರ್ಧ ಪರ್ಸೆಂಟ್. ಸಾಹೇಬರು ಕುರ್ಚಿಯಿಂದ ಎದ್ದು ಬಂದು ನನ್ನ ಕೈ ಕುಲುಕಿದರು. "ನೋಡಮ್ಮಾ, ಅಂಗಡಿ ಬಾಗಿಲು ನೋಡಿ ಲೆಕ್ಕ ಹಾಕ್ಬಾರ್ದು ಅನ್ನೋದು ಇದಕ್ಕೇ," ಎಂದರು.

ಹಾಗಾಗಿ ದೊಡ್ಡ ಖರ್ಚು ಈ ವರ್ಷ ಬೇಡವೆಂದಾಯಿತು. ಆರುನೂರು ಆಸ್ಪತ್ರೆಗಳನ್ನು ಮುಂದೂಡಿದ್ದಾರೆ. ಇಷ್ಟು ಸಣ್ಣ ಅಂತರಕ್ಕೆ ಸಾಕೆಂದು ವರಮಾನ ತೆರಿಗೆಯನ್ನು ಒಂದಿಷ್ಟು ಇಳಿಸಿದ್ದಾರೆ. ಇಷ್ಟು ದೊಡ್ಡವರು ನನ್ನ ಅಂಕಿಯನ್ನು ನಂಬಿದರಲ್ಲ ಎಂದು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನಿನ್ನ ಕುಲುಮೆಯೂ ತುಂಬಿ ಉರಿಯುತ್ತಿದೆ ಎಂದು ನೀನೇ ಬರೆದಿದ್ದರಿಂದ ಮನಸ್ಸು ಇನ್ನೂ ಗಟ್ಟಿಯಾಯಿತು.

ಲೆಕ್ಕದಮ್ಮ


ಏಪ್ರಿಲ್ ೨

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸಾಹೇಬರು ನಿನ್ನ ಕೈ ಕುಲುಕಿದ್ದು ಸಂತೋಷ. ಅಮ್ಮ ಪಕ್ಕದ ಮನೆಯವರಿಗೂ ಹೇಳಿ ಬಂದಳು.

ತೆರಿಗೆ ಇಳಿಸಿದ ಸುದ್ದಿಯನ್ನು ನಮ್ಮವರಿಗೆ ಹೇಳಿದೆ. ಬಾಟಲಿ ಅಚ್ಚಿನ ಕೆಲಸದವನು, "ಮೇಸ್ತ್ರಿ, ಸಂಬಳವೇ ಅರ್ಧ ಆಗೋಯ್ತು, ಇನ್ನು ತೆರಿಗೆ ಎಲ್ಲಿಂದ ಇಳಿಸ್ತಾರೆ? ಬೋಳುತಲೆಗೆ ಬಾಚಣಿಗೆ ಕೊಟ್ಟಂಗಾಯ್ತು," ಎಂದ. ಎಲ್ಲರೂ ನಕ್ಕೆವು.

ಸಂಬಳ ಅರ್ಧವಾದದ್ದನ್ನು ನಿನಗೆ ಹೇಳಿರಲಿಲ್ಲ. ಹೇಳದೇ ಇದ್ದದ್ದು ಇನ್ನೂ ಒಂದಿದೆ. ನವೆಂಬರಿನಿಂದ ಒಂದು ಬಾಟಲಿಯೂ ಗೇಟು ದಾಟಿಲ್ಲ. ಕೊಳ್ಳುವವರಿಲ್ಲ. ಹಾಗೆಂದು ಕುಲುಮೆಯನ್ನು ಆರಿಸುವಂತಿಲ್ಲ, ಒಳಗಿನ ಗಾಜನ್ನು ಕದಲಿಸದೆ ಬಿಡುವಂತೆಯೂ ಇಲ್ಲ. ಅದಕ್ಕೆ ಬೆಳಗಿನ ಪಾಳಿಯಲ್ಲಿ ಬಾಟಲಿ ತೆಗೆಯುತ್ತೇವೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಗುಳ್ಳೆ ಇದ್ದರೆ ಬೇರೆ ಇಟ್ಟು, ನೆಟ್ಟಗಿದ್ದುದನ್ನು ಸಾಲಾಗಿ ಜೋಡಿಸುತ್ತೇವೆ. ಮಧ್ಯಾಹ್ನ ಊಟವಾದ ಮೇಲೆ ಅವನ್ನೆಲ್ಲ ಒಡೆದು, ಚೂರನ್ನು ತಿರುಗಿ ಕುಲುಮೆಗೆ ಸುರಿಯುತ್ತೇವೆ. ಮರುದಿನ ಅದೇ ಗಾಜು, ಅದೇ ಬಾಟಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ನಮ್ಮಲ್ಲಿ ಕುಂಬಾರನೂ ನಾವೇ, ದೊಣ್ಣೆಯೂ ನಾವೇ.

ಗುಳ್ಳೆ ಇರುವುದನ್ನು ಬೇರೆ ಇಡುವುದು ಯಾಕೆ, ಹೇಗೂ ಎಲ್ಲವನ್ನೂ ಒಡೆಯುತ್ತೀರಲ್ಲ ಎಂದು ಅಮ್ಮ ಕೇಳಿದಳು. ಮರುದಿನವೂ ಬೇರೆಯೇ ಇಟ್ಟೆ.

ಆ ಆರುನೂರು ಆಸ್ಪತ್ರೆಗಳ ಮೇಲೆ ಯಜಮಾನರು ಕಣ್ಣಿಟ್ಟಿದ್ದರು. ಆಸ್ಪತ್ರೆ ಬಂದರೆ ಔಷಧಿ, ಔಷಧಿ ಬಂದರೆ ಬಾಟಲಿ. ಜೂನ್ ಕೊನೆಯವರೆಗೆ ಇಂಧನಕ್ಕೆ ವ್ಯವಸ್ಥೆ ಇದೆಯಂತೆ. ಆಮೇಲಿನದನ್ನು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಅಪ್ಪ


ಏಪ್ರಿಲ್ ೧೫

ಅಪ್ಪಾ,

ನಿನ್ನ ಕಾಗದ ತಲುಪಿದ ದಿನವೇ ಕೆಳಗಿನ ದಾಖಲೆ ಕೋಣೆಗೆ ಹೋದೆ. ನನ್ನ ಮೇಜಿಗೆ ಬರುವುದು ಕೂಡಿಸಿದ ಅಂಕಿ ಮಾತ್ರ, ಮೂಲ ಫಾರಂಗಳನ್ನು ಯಾರೂ ನೋಡುವುದಿಲ್ಲ. ಗಾಜಿನ ಕಟ್ಟು ತೆಗೆಸಿದೆ. ಮೂರನೆಯ ಹಾಳೆಯಲ್ಲಿ ನಿನ್ನ ಅಕ್ಷರ. ಒಂದನೇ ತರಗತಿಯಲ್ಲಿ ನನ್ನ ಕೈ ಹಿಡಿದು ತಿದ್ದಿಸಿದ ಅದೇ ದುಂಡನೆಯ ಅಕ್ಷರ. 'ಮುನ್ನೂರ ಹತ್ತು ಟನ್.' ನಾಲ್ಕು ತಿಂಗಳು, ನಾಲ್ಕು ಹಾಳೆ, ಎಲ್ಲದರಲ್ಲೂ ಮುನ್ನೂರ ಹತ್ತು.

ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ದೇಶದ ಎಲ್ಲ ಗಾಜಿನ ಕಾರ್ಖಾನೆಗಳಿಗೂ ನಾವು ಫಾರಂ ಕಳಿಸುವುದಿಲ್ಲ. ಒಂಬತ್ತಕ್ಕೆ ಕಳಿಸುತ್ತೇವೆ, ಆ ಒಂಬತ್ತರಿಂದ ಉಳಿದದ್ದನ್ನೆಲ್ಲ ಊಹಿಸುತ್ತೇವೆ. ಉಳಿದ ಎಂಟಕ್ಕೂ ನಾನೇ ಫೋನು ಮಾಡಿದೆ. ಐದು ಕಡೆ ನಿಮ್ಮಲ್ಲಿ ನಡೆಯುವುದೇ ನಡೆಯುತ್ತಿದೆ. ಮಾಡುವುದು, ಒಡೆಯುವುದು, ಟನ್ನು ಬರೆಯುವುದು. ಎರಕದ ಮನೆಗಳಲ್ಲಿಯೂ ಅದೇ ಕಥೆ. ಬೆಂಕಿ ಕಾಯುವವರಿಗೆಲ್ಲ ಒಂದೇ ಬುದ್ಧಿಯೇ ಅಪ್ಪಾ? ಆರಿಸಬಾರದು, ಆರಿತೆಂದು ಹೇಳಲೂಬಾರದು! ನೀವೆಲ್ಲ ಸೇರಿ ಮಾನ ಕಾಪಾಡಿಕೊಂಡಿರಿ, ನಾನು ಆ ಮಾನವನ್ನು ಕೂಡಿಸಿ ಸಮಿತಿಗೆ ಕೊಟ್ಟೆ. ಅವರು ಆಸ್ಪತ್ರೆ ನಿಲ್ಲಿಸಿದರು.

ಸಿಟ್ಟು ಬಂದಿದೆ. ನಿನ್ನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಹೇಳಲಾರೆ. ಫಾರಂನಲ್ಲಿ ಎಷ್ಟು ತೆಗೆದಿರಿ ಎಂದಿದೆಯೇ ಹೊರತು ಎಷ್ಟು ಹೊರಗೆ ಹೋಯಿತು ಎಂದು ಕೇಳಿಲ್ಲ. ಕುಲುಮೆಯ ಮೇಸ್ತ್ರಿಯ ಮಗಳಾಗಿ ನನಗಾದರೂ ಅದು ಹೊಳೆಯಬೇಕಿತ್ತು.

ಪಟ್ಟಿ ತಿದ್ದಬೇಕಾದರೆ ನಿನ್ನ ಹಾಳೆಯನ್ನು ಸಾಹೇಬರ ಮುಂದೆ ಇಡಬೇಕು. ಸರ್ಕಾರಕ್ಕೆ ತಪ್ಪು ಮಾಹಿತಿ ಕೊಟ್ಟವರಿಗೆ ದಂಡವಿದೆ. ಕೊಟ್ಟವನು ನನ್ನ ಅಪ್ಪ ಎಂದು ತಿಳಿದರೆ ನನ್ನ ಕುರ್ಚಿಯೂ ಉಳಿಯಲಿಕ್ಕಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ. ಏನು ಮಾಡಲಿ ಹೇಳು.

ಮಗಳು


ಮೇ ೯

ಅಪ್ಪಾ,

ಮೂರು ವಾರವಾಯಿತು. ಅಮ್ಮನಿಗೆ ಫೋನು ಮಾಡಿದರೆ, "ಅವ್ರು ಗೋಡೆ ನೋಡ್ಕೊಂಡು ಕೂತಿದಾರೆ ಕಣೇ, ನೀನು ಏನ್ ಬರ್ದೆ?" ಎಂದಳು. ನಾನು ಏನೂ ಇಲ್ಲವೆಂದೆ.

ಬೈಯುವುದಾದರೆ ಬೈಯಿ. ಆದರೆ ಬರೆ. ಹೊತ್ತಿಲ್ಲ ಎಂಬುದು ನಿನಗೆ ಗೊತ್ತಾಗಲಿ ಎಂದು ಇದೊಂದು ಹೇಳುತ್ತೇನೆ. ಆರಿಹೋದ ಕುಲುಮೆಯನ್ನು ನಮ್ಮ ಲೆಕ್ಕದಲ್ಲಿ ತೆಗೆದುಹಾಕುತ್ತೇವೆ. ಅದು ಇನ್ನು ದೇಶದ ಶಕ್ತಿಯಲ್ಲ. ವರ್ಷಗಟ್ಟಲೆ ಕೆಲಸವಿಲ್ಲದೆ ಕೂತವರನ್ನೂ ಕೆಲಸ ಮರೆತವರೆಂದು ಹಾಗೇ ಬಿಡುತ್ತೇವೆ. ಆಗ ಹೊರಬರಬಹುದಾದ ಸರಕಿನ ಅಂದಾಜೇ ಕಡಿಮೆಯಾಗುತ್ತದೆ, ಅಂತರ ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾರೂ ಒಂದು ಕಾಸು ಖರ್ಚು ಮಾಡಬೇಕಾಗಿಯೇ ಇಲ್ಲ. ಕಾಗದದ ಮೇಲೆ ಎಲ್ಲವೂ ಸರಿಹೋಗುತ್ತದೆ.

ಇದನ್ನು ಕಲಿಸಿದಾಗ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಈಗ ಆ ಸಾಲಿನಲ್ಲಿ ನಿನ್ನ ನಲವತ್ತೊಂದು ಜನ ಕಾಣುತ್ತಾರೆ.

ಮಗಳು


ಮೇ ೧೪

ಹಣಕಾಸು ಇಲಾಖೆಯ ಮಾನ್ಯ ಅಧಿಕಾರಿಯವರಿಗೆ,

ವಿಷಯ: ನಮ್ಮ ಕಾರ್ಖಾನೆಯ ಫಾರಂಗಳಲ್ಲಿನ ತಪ್ಪಿನ ಬಗ್ಗೆ.

ತಮ್ಮಲ್ಲಿ ವಿನಂತಿಸುವುದೇನೆಂದರೆ, ನಾನು ಗಾಜಿನ ಕಾರ್ಖಾನೆಯೊಂದರ ಕುಲುಮೆಯ ಮೇಸ್ತ್ರಿ. ನವೆಂಬರಿನಿಂದ ಫೆಬ್ರವರಿಯವರೆಗೆ ತಿಂಗಳಿಗೆ ಮುನ್ನೂರ ಹತ್ತು ಟನ್ ಎಂದು ನಾಲ್ಕು ಫಾರಂಗಳಲ್ಲಿ ಬರೆದವನು ನಾನೇ. ಯಜಮಾನರು ಹೇಳಿಕೊಟ್ಟದ್ದಲ್ಲ. ಆ ಗಾಜು ಕುಲುಮೆಯಿಂದ ಬಂದದ್ದು ನಿಜ. ಆದರೆ ಪ್ರತಿದಿನವೂ ಅದೇ ಗಾಜು. ಬೆಳಿಗ್ಗೆ ಬಾಟಲಿ ಮಾಡಿ ಮಧ್ಯಾಹ್ನ ಒಡೆದಿದ್ದೇವೆ. ಗೇಟು ದಾಟಿ ಹೋದದ್ದು ಸೊನ್ನೆ. ಮಾರ್ಚ್ ಮತ್ತು ಏಪ್ರಿಲಿನಲ್ಲೂ ಸೊನ್ನೆ.

ನನ್ನ ಕೈಕೆಳಗೆ ನಲವತ್ತೊಂದು ಜನ ಇದ್ದಾರೆ. ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ನಿಪುಣರು. ಅವರಿಗೆ ಕೆಲಸವಿಲ್ಲ ಎಂದು ಬರೆಯಲು ನನಗೆ ನಾಚಿಕೆಯಾಯಿತು. ಕೆಲಸ ಮಾಡುತ್ತಿರುವಂತೆ ಕಂಡರೆ ಕೆಲಸ ಬರುತ್ತದೆ ಎಂಬ ನಂಬಿಕೆಯೂ ಇತ್ತು. ಅದು ನನ್ನ ತಪ್ಪು. ಇದರಿಂದ ತಮ್ಮ ಲೆಕ್ಕ ಕೆಟ್ಟಿದ್ದರೆ ದಂಡ ನನಗೆ ಹಾಕಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ತಮ್ಮ ಕಚೇರಿಯಲ್ಲಿ ಈ ಲೆಕ್ಕ ಬರೆಯುವ ಅಧಿಕಾರಿ ನನ್ನ ಮಗಳು. ಅವಳಿಗೆ ಇದು ಏಪ್ರಿಲ್‌ವರೆಗೆ ತಿಳಿದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ.

ಇಂತಿ ತಮ್ಮ ವಿಧೇಯ,
ಕುಲುಮೆ ಮೇಸ್ತ್ರಿ

(ಮಗಳೇ, ಇದರ ಒಂದು ಪ್ರತಿಯನ್ನು ನಿನ್ನ ಸಾಹೇಬರಿಗೇ ನೇರವಾಗಿ ಅಂಚೆಗೆ ಹಾಕಿದ್ದೇನೆ. ನಿನ್ನ ಕೈಗೆ ಕೊಟ್ಟಿದ್ದರೆ ನೀನು ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ನಾನು ನಿನ್ನನ್ನು ಬಲ್ಲೆ. ಏಳು ಸಲ ಬರೆದು ಹರಿದೆ, ಅದಕ್ಕೆ ತಡವಾಯಿತು. — ಅಪ್ಪ)


ಜೂನ್ ೨೦

ಅಪ್ಪನಿಗೆ,

ನಿನ್ನ ಅರ್ಜಿಯನ್ನು ಸಾಹೇಬರು ಬಾಗಿಲು ಹಾಕಿಕೊಂಡು ಓದಿದರು. ನನ್ನನ್ನು ಕರೆದಾಗ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ನಮ್ಮಪ್ಪನೂ ಹೀಗೇ ಇದ್ರು. ಅಂಗಡಿಗೆ ಗಿರಾಕಿ ಬರದಿದ್ರೂ ದಿನಾ ಸಾಮಾನು ಇಳಿಸಿ, ಧೂಳು ಹೊಡ್ದು, ಮತ್ತೆ ಜೋಡಿಸ್ತಿದ್ರು," ಎಂದರು. ಕನ್ನಡಕ ಹಾಕಿಕೊಂಡು, "ಲೆಕ್ಕ ಮತ್ತೆ ಮಾಡು. ಈ ಸಲ ಗೇಟಿನ ಹತ್ರ ನಿಂತು ಮಾಡು," ಎಂದರು. ರಾಜೀನಾಮೆ ಇನ್ನೂ ಜೇಬಿನಲ್ಲೇ ಇದೆ. ದಂಡದ ಮಾತನ್ನು ಯಾರೂ ಎತ್ತಲಿಲ್ಲ.

ಹೊಸ ಲೆಕ್ಕದಲ್ಲಿ ಅಂತರ ಎರಡೂಕಾಲು ಪರ್ಸೆಂಟ್. ನಿನ್ನೆ ಸಮಿತಿ ಒಪ್ಪಿತು. ಆರುನೂರು ಆಸ್ಪತ್ರೆಗಳೂ ಈ ವರ್ಷವೇ ಶುರು, ಔಷಧಿ ದಾಸ್ತಾನು ಮೊದಲೇ ಕೊಳ್ಳುತ್ತಾರೆ. ದುಡಿಮೆ ಚೇತರಿಸಿಕೊಂಡ ಮೇಲೆ ಖರ್ಚನ್ನು ಇಳಿಸಿ, ತೆರಿಗೆಯನ್ನು ಮೊದಲಿನ ಮಟ್ಟಕ್ಕೆ ತರುತ್ತಾರೆ. ನಿನ್ನ ಮಾತಿನಲ್ಲಿ ಹೇಳುವುದಾದರೆ, ಇಂಧನ ಬಿಟ್ಟಿದ್ದಾರೆ. ಬಾಟಲಿಯ ಆದೇಶ ಹೊರಡಲು ಇನ್ನು ಮೂರು ವಾರ ಬೇಕು. ಮೂರೇ ವಾರ. ಯಜಮಾನರಿಗೆ ಹೇಳು. ಕೈಮುಗಿದು ಕೇಳು. ಹೇಗಾದರೂ ಕುಲುಮೆ ಆರದಂತೆ ನೋಡಿಕೊಳ್ಳಿ.

ಫಾರಂ ಬದಲಾಯಿಸಿದ್ದೇನೆ. ಈಗ ಮೂರು ಪ್ರಶ್ನೆಗಳಿವೆ. ಒಂದು ಫಾರಂ ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಲೆಕ್ಕದಮ್ಮ


ಜುಲೈ ೧೩

ಲೆಕ್ಕದಮ್ಮನಿಗೆ,

ಜೂನ್ ಮೂವತ್ತಕ್ಕೆ ಇಂಧನ ನಿಂತಿತು. ಯಜಮಾನರನ್ನು ಕೇಳಿದೆ, ಕೈಯನ್ನೂ ಮುಗಿದೆ. ಅವರು ಮನೆಯನ್ನು ಅಡವಿಟ್ಟು ಎರಡು ದಿನದ ಇಂಧನ ತಂದರು. ಅವರನ್ನು ದೂರಲಾರೆ.

ಜುಲೈ ಎರಡರ ಬೆಳಿಗ್ಗೆ ಕುಲುಮೆಯ ಅಡಿಯ ತೂತು ತೆರೆದೆವು. ಒಳಗೇ ಕಲ್ಲಾಗಲು ಬಿಡುವುದಕ್ಕಿಂತ ಹೊರಗೆ ಬಿಟ್ಟರೆ ಇಟ್ಟಿಗೆ ಒಂದಿಷ್ಟಾದರೂ ಉಳಿದೀತು ಎಂದು. ತೂತನ್ನು ನಾನೇ ತೆರೆದೆ, ಬೇರೆ ಯಾರಿಗೂ ಹೇಳಲಾಗಲಿಲ್ಲ. ಗಾಜು ನೀರಿನ ಗುಂಡಿಗೆ ಇಳಿಯಲು ಏಳು ಗಂಟೆ ಹಿಡಿಯಿತು. ನಲವತ್ತೊಂದು ಜನರೂ ನಿಂತೇ ಇದ್ದರು, ರಜೆಯವರೂ ಬಂದಿದ್ದರು. ಕುಲುಮೆಯ ಸದ್ದು ನಿಂತ ಮೇಲೆ ಕಾರ್ಖಾನೆಯಲ್ಲಿ ಗಡಿಯಾರವೊಂದಿದೆ ಎಂದು ನನಗೆ ಮೊದಲ ಸಲ ಕೇಳಿಸಿತು. ನಾನು ಅತ್ತುಬಿಟ್ಟೆ ಮಗಳೇ. ಎಲ್ಲರ ಎದುರೇ ಅತ್ತೆ.

ನಿನ್ನೆ ಆದೇಶ ಬಂತು. ಎಂಟು ಲಕ್ಷ ಬಾಟಲಿ. ಅಚ್ಚಿನವನು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, "ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗ್ಲು ಹಾಕಿದ್ರು, ಅಲ್ವಾ ಮೇಸ್ತ್ರಿ?" ಎಂದ. ನಾನು ಹೌದೆನ್ನಲಿಲ್ಲ. ಕೋಟೆ ನಮ್ಮದೊಂದೇ ಅಲ್ಲವಲ್ಲ. ನೀನು ಹೇಳಿದ ಆ ಐದು ಕಾರ್ಖಾನೆಗಳಲ್ಲಿ ಮೂರು ಇನ್ನೂ ಉರಿಯುತ್ತಿವೆಯಂತೆ, ಈ ಬಾಟಲಿಗಳನ್ನು ಈಗ ಅವರು ಮಾಡುತ್ತಾರೆ. ಅವರು ಮಾಡಿದ್ದನ್ನು ಮಧ್ಯಾಹ್ನ ಯಾರೂ ಒಡೆಯುವುದಿಲ್ಲ. ಇದನ್ನು ನೆನೆದರೆ ಸ್ವಲ್ಪ ಸಮಾಧಾನ. ಪೂರ್ತಿ ಸಮಾಧಾನ ಎಂದರೆ ಸುಳ್ಳಾಗುತ್ತದೆ, ಇನ್ನು ಸುಳ್ಳು ಬರೆಯುವುದಿಲ್ಲ ಎಂದುಕೊಂಡಿದ್ದೇನೆ.

ಮೂರು ವರ್ಷ ಕೊಳ್ಳುತ್ತೇವೆಂದು ಸರ್ಕಾರ ಬರೆದುಕೊಟ್ಟರೆ ಕುಲುಮೆಯನ್ನು ಹೊಸದಾಗಿ ಕಟ್ಟಿಸುವ ಯೋಚನೆ ಯಜಮಾನರಿಗಿದೆ. ಎಂಟು ತಿಂಗಳ ಕೆಲಸ. "ನಿಮಗೂ ಅರವತ್ತೊಂದಾಯ್ತಲ್ಲ ಮೇಸ್ತ್ರಿ, ಇನ್ನು ಮನೇಲಿ ಹಾಯಾಗಿರಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ತಲೆಯಾಡಿಸಿ ಬಂದೆ.

ನಿನ್ನ ಹೊಸ ಫಾರಂ ತುಂಬಿದ್ದೇನೆ. ಕುಲುಮೆಯಿಂದ ತೆಗೆದದ್ದು ಎಷ್ಟು ಎಂಬಲ್ಲಿ ಸೊನ್ನೆ. ಗೇಟು ದಾಟಿದ್ದು ಎಷ್ಟು ಎಂಬಲ್ಲಿಯೂ ಸೊನ್ನೆ. ಮೂರನೆಯ ಪ್ರಶ್ನೆಯ ಮುಂದೆ ಬಹಳ ಹೊತ್ತು ಕೂತೆ. 'ಕೆಲಸ ಬಲ್ಲವರು, ಕರೆದರೆ ಬರುವವರು, ಈಗ ಕೆಲಸವಿಲ್ಲದೆ ಕಾಯುತ್ತಿರುವವರು ಎಷ್ಟು ಜನ?' ಇದನ್ನು ನೀನು ಯಾಕೆ ಸೇರಿಸಿದೆ ಎಂದು ಅರ್ಥವಾಯಿತು. ಇದರಲ್ಲಿ ಇದ್ದವರನ್ನು ನಿನ್ನ ಲೆಕ್ಕದಿಂದ ಯಾರೂ ಸುಲಭವಾಗಿ ತೆಗೆದುಹಾಕಲಾರರು. ನಲವತ್ತೊಂದು ಎಂದು ಬರೆದೆ.

ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ, "ಮತ್ತೆ ನೀವು?" ಎಂದಳು.

ಅದನ್ನು ಹೊಡೆದುಹಾಕಿ ನಲವತ್ತೆರಡು ಎಂದು ಮಾಡಿದ್ದೇನೆ. ತಿದ್ದಿದ ಜಾಗದಲ್ಲಿ ಸಹಿ ಹಾಕಿದ್ದೇನೆ, ನೋಡಿಕೋ.

ಅಪ್ಪ